‘ದ ಡೋರ್ ಓಪನ್ಡ್’ ಎನ್ನುವುದು ತಪ್ಪೇ?

ಬಾಗಿಲಿಗೆ ಕೈಯಿಲ್ಲ, ಅಂದಮೇಲೆ ‘ದ ಡೋರ್ ಓಪನ್ಡ್’ ಹೇಗೆ ಸರಿ, ‘ವಾಸ್ ಓಪನ್ಡ್’ ಆಗಬೇಡವೇ ಎಂದು ಕೇಳಿದ್ದೀರಿ. ಎರಡೂ ಸರಿ, ಅರ್ಥ ಮಾತ್ರ ಬೇರೆ. ಶಾಲೆಯಲ್ಲಿ ‘ದ ಐಸ್ ಮೆಲ್ಟೆಡ್’ ಎಂದು ಬರೆದು ಅಂಕ ಕಳೆದುಕೊಂಡವನು ನಾನು. ಆ ಬೇಸರ ಇನ್ನೂ ಇದೆ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ನಮ್ಮ ಮಾತನ್ನೇ ನೋಡಿ. ‘ಗಾಳಿಗೆ ಕೊಂಬೆ ಮುರಿಯಿತು’, ‘ಹುಡುಗ ಕೊಂಬೆ ಮುರಿದ’. ಕ್ರಿಯಾಪದ ಒಂದೇ, ಒಮ್ಮೆ ಅಕರ್ಮಕ, ಒಮ್ಮೆ ಸಕರ್ಮಕ. ಒಡೆ, ಹರಿ, ಸುರಿ, ತೆರೆ ಕೂಡ ಹೀಗೆಯೇ. ‘ಬಾಗಿಲು ತೆರೆಯಿತು’ ಎಂದಾಗ ಯಾರು ತೆರೆದರು ಎಂಬುದು ನಮಗೆ ಮುಖ್ಯವಲ್ಲ. ‘ತೆರೆಯಲಾಯಿತು’ ಎಂದರೆ ಹಿಂದೆ ಯಾರೋ ಇದ್ದಾರೆ. ‘ಓಪನ್ಡ್’, ‘ವಾಸ್ ಓಪನ್ಡ್’ ನಡುವೆ ಇರುವುದೂ ಈ ವ್ಯತ್ಯಾಸವೇ.

ಆದರೆ ಕನ್ನಡದಲ್ಲಿ ಇಂಥವು ಕಡಿಮೆ. ಕರಗು–ಕರಗಿಸು, ಬೇಯು–ಬೇಯಿಸು, ತಿರುಗು–ತಿರುಗಿಸು ಎಂದು ‘ಇಸು’ ಹಚ್ಚಿ ಬೇರೆ ಮಾಡುವುದೇ ನಮ್ಮ ರೂಢಿ. ಇಂಗ್ಲಿಷ್‌ನಲ್ಲೂ ಒಂದು ಕಾಲಕ್ಕೆ ಇಂಥದ್ದೇ ಪ್ರತ್ಯಯವಿತ್ತು ಎಂದು ತಿಳಿದ ದಿನ ನನಗೆ ಬಹಳ ಖುಷಿಯಾಗಿತ್ತು. ಅದರ ಗುರುತು ಇಂದಿಗೂ ಉಳಿದಿದೆ: ‘ಸಿಟ್’ ಕೂರು, ‘ಸೆಟ್’ ಕೂರಿಸು, ‘ಫಾಲ್’ ಬೀಳು, ‘ಫೆಲ್ ಎ ಟ್ರೀ’ ಎಂದರೆ ಮರ ಬೀಳಿಸು (ಇದು ‘ಫಾಲ್’ನ ಭೂತಕಾಲವಲ್ಲ, ಬೇರೆಯೇ ಕ್ರಿಯಾಪದ). ಹಳೆಯ ಇಂಗ್ಲಿಷ್‌ನಲ್ಲಿ ಉರಿಯುವುದಕ್ಕೆ ಒಂದು, ಉರಿಸುವುದಕ್ಕೆ ಇನ್ನೊಂದು ಕ್ರಿಯಾಪದವಿತ್ತು. ರೂಪಗಳು ಸವೆದು ಎರಡೂ ‘ಬರ್ನ್’ನಲ್ಲಿ ಸೇರಿಹೋದವು. ‘ಮೆಲ್ಟ್’ ಕಥೆಯೂ ಅದೇ.

‘ಈಟ್’, ‘ರೀಡ್’ ಇವನ್ನು ಈ ಗುಂಪಿಗೆ ಸೇರಿಸಬೇಡಿ. ‘ಐ ಏಟ್’ ಎಂದಾಗ ತಿಂದವನು ತನ್ನ ಜಾಗದಲ್ಲೇ ಇದ್ದಾನೆ, ತಿಂದದ್ದನ್ನು ಹೇಳಿಲ್ಲ ಅಷ್ಟೆ. ‘ದ ಗ್ಲಾಸ್ ಬ್ರೋಕ್’ನಲ್ಲಾದರೋ ಕರ್ಮವೇ ಕರ್ತೃವಿನ ಜಾಗಕ್ಕೆ ಬಂದಿದೆ.

ಎಲ್ಲ ಕ್ರಿಯಾಪದಗಳೂ ಹೀಗೆ ಜಾಗ ಬಿಟ್ಟುಕೊಡುವುದಿಲ್ಲ. ಮರ ಕಡಿದರು ಎಂಬುದಕ್ಕೆ ‘ದ ಟ್ರೀ ಕಟ್’ ಅನ್ನುವಂತಿಲ್ಲ, ‘ವಾಸ್ ಕಟ್’ ಎನ್ನಲೇಬೇಕು. ಕೊಂಬೆ ಗಾಳಿಗೂ ಮುರಿದೀತು, ಆದರೆ ಕಡಿಯಬೇಕೆಂದರೆ ಹರಿತವಾದದ್ದೊಂದು ಬೇಕು, ಅದನ್ನು ಹಿಡಿದ ಕೈಯೂ ಬೇಕು. ಅನುಮಾನ ಬಂದಾಗ ನಾನು ಕೇಳಿಕೊಳ್ಳುವುದು ಇದನ್ನೇ: ಯಾರ ಕೈಯೂ ಇಲ್ಲದೆ ಇದು ಆದೀತೇ? ಆದೀತು ಅನ್ನಿಸಿದರೆ ಸಾಮಾನ್ಯವಾಗಿ ‘ಓಪನ್ಡ್’ ಥರದ ರೂಪ ನಡೆಯುತ್ತದೆ. ಆಮೇಲೂ ಒಮ್ಮೆ ನಿಘಂಟು ತೆರೆದು ನೋಡುತ್ತೇನೆ.