ಸಫೋಕ್‌ನಲ್ಲಿ ನೋಡೋದಕ್ಕೆ ಏನಿದೆ ಅಂತ ಕೇಳಿದವರಿಗೆ

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಕೌಂಟಿಯ ಪಟ್ಟಣ ಇಪ್ಸ್‌ವಿಚ್‌ಗೆ ಕೆಲಸಕ್ಕೆ ಬಂದಿದ್ದೀರಿ, ಸುತ್ತ ಹೊಲ ಬಿಟ್ಟರೆ ಏನೂ ಕಾಣುವುದಿಲ್ಲ, ವಾರಾಂತ್ಯ ಹೇಗೆ ಕಳೆಯೋದು ಅಂತ ಕೇಳಿದ್ದೀರಿ. ಸಫೋಕ್‌ನ ಒಳ್ಳೆಯ ಕಥೆಗಳು ಇರುವುದೇ ಆ ಹೊಲಗಳ ನಡುವಿನ ಸಣ್ಣ ಊರುಗಳಲ್ಲಿ. ಕಥೆ ಕೇಳಿ, ಆಮೇಲೆ ದಾಖಲೆ ಏನು ಹೇಳುತ್ತದೆ ನೋಡಿ. ರುಚಿ ಹತ್ತುವುದು ಹಾಗೆ.

ಮೊದಲು ಡನಿಚ್ (Dunwich). ಈಗ ಕೆಲವೇ ಮನೆಗಳ ಹಳ್ಳಿ, 13ನೇ ಶತಮಾನದಲ್ಲಿ ದೊಡ್ಡ ಬಂದರು. 1286ರಿಂದ ಸಾಲುಸಾಲಾಗಿ ಬಂದ ಬಿರುಗಾಳಿಗಳು ಬಂದರಿನ ಬಾಯಿಗೆ ಮರಳು, ಉರುಟುಗಲ್ಲು ತುಂಬಿದವು. ಹಡಗು ನಿಂತಿತು, ವ್ಯಾಪಾರ ಹೋಯಿತು, ಊರನ್ನು ಸಮುದ್ರ ಬೀದಿಬೀದಿಯಾಗಿ ನುಂಗಿತು. ಆದರೂ 1832ರವರೆಗೆ ಡನಿಚ್ ಸಂಸತ್ತಿಗೆ ಇಬ್ಬರನ್ನು ಕಳಿಸುತ್ತಿತ್ತು! ಆಲ್ ಸೇಂಟ್ಸ್ ಚರ್ಚು 1904ರಿಂದ 1919ರೊಳಗೆ ತುಂಡುತುಂಡಾಗಿ ಕಡಲಿಗೆ ಬಿತ್ತು. ನೀರಿನೊಳಗಿಂದ ಗಂಟೆ ಕೇಳಿಸುತ್ತದೆ ಅನ್ನುತ್ತಾರೆ. ಶಬ್ದದ ಅಲೆಯಿಂದ ನೀರಿನ ತಳ ನೋಡುವ ಸೋನಾರ್ ಸಮೀಕ್ಷೆಯಲ್ಲಿ ಸಿಕ್ಕಿರುವುದು ಚರ್ಚುಗಳ ಕಲ್ಲುಗಳು. ಅಲ್ಲಿನ ಕಡಿದಾದ ದಂಡೆ ಬರೀ ಮರಳುಮಣ್ಣು, ಮಳೆಗೆ ನೆನೆದರೆ ಸೂಚನೆ ಕೊಡದೆ ಕುಸಿಯುತ್ತದೆ. ಅಂಚಿಗೂ ಹೋಗಬೇಡಿ, ಬುಡದಲ್ಲೂ ಕೂರಬೇಡಿ. ಹತ್ತಿರದ ರೈಲು ನಿಲ್ದಾಣ ಡಾರ್ಶಮ್. ಅಲ್ಲಿಂದ ಬಸ್ಸು ನಂಬಿಕೊಳ್ಳಬೇಡಿ, ಕಾರು ಬೇಕು. ಮ್ಯೂಸಿಯಂ ವರ್ಷವಿಡೀ ತೆರೆದಿರುವುದಿಲ್ಲ, ನೋಡಿಕೊಂಡು ಹೊರಡಿ.

ಕಾರಿದ್ದರೆ ಅದೇ ದಿನ ಬ್ಲೈಬರ (Blythburgh) ಹಳ್ಳಿಯ ಚರ್ಚೂ ಆಗುತ್ತದೆ. 1577ರ ಆಗಸ್ಟ್ 4, ಭಾನುವಾರ, ಪ್ರಾರ್ಥನೆ ನಡೆಯುವಾಗ ಕಪ್ಪು ನಾಯಿಯೊಂದು ನುಗ್ಗಿ ಜನರನ್ನು ಕೊಂದಿತು ಅನ್ನುವುದು ಕಥೆ. ಉತ್ತರದ ಬಾಗಿಲಿನ ಸುಟ್ಟ ಗುರುತು ಅದರ ಉಗುರಿನದಂತೆ. ಅಂದು ಭಾರೀ ಬಿರುಗಾಳಿ ಬೀಸಿ ಸಿಡಿಲು ಹೊಡೆದದ್ದು ನಿಜ. ಅಲ್ಲೇ ತಲೆಯೆತ್ತಿ ಚಾವಣಿಯಲ್ಲಿರುವ ದೇವದೂತರ ಮರದ ಬೊಂಬೆಗಳನ್ನು ನೋಡಿ. ಅವುಗಳ ಮೈಯಲ್ಲಿರುವ ಗುಂಡಿನ ತೂತುಗಳು 1644ರಲ್ಲಿ ಬಂದ ಮೂರ್ತಿಭಂಜಕ ಡೌಸಿಂಗ್‌ನ ಕಡೆಯವರದು ಅಂತ ಬಹಳ ಕಾಲ ನಂಬಿದ್ದರು. ಆದರೆ 18ನೇ ಶತಮಾನದ ಚರ್ಚಿನ ಲೆಕ್ಕಪುಸ್ತಕದಲ್ಲಿ ಒಳಗೆ ಗೂಡು ಕಟ್ಟುವ ಕಾಗೆ ಜಾತಿಯ ಹಕ್ಕಿಗಳನ್ನು ಹೊಡೆಯಲು ಮದ್ದುಗುಂಡಿಗೆ ಕೊಟ್ಟ ದುಡ್ಡು ಬರೆದಿದೆ. ನನಗೆ ನಾಯಿಗಿಂತ ಈ ಲೆಕ್ಕವೇ ಹೆಚ್ಚು ಇಷ್ಟ.

ನಮ್ಮ ಬೆಂಗಳೂರಿಗೂ ಇಲ್ಲೊಂದು ಎಳೆ ಇದೆ. ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆ ಗೋಡೆಯಲ್ಲಿ 1791ರ ಮಾರ್ಚ್ 21ರ ದಾಳಿಯ ಫಲಕವಿದೆಯಲ್ಲ, ಅಂದು ಕೋಟೆ ಒಡೆದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಮನೆತನ ಸಫೋಕ್‌ನದು. ಮುಂದಿನ ವರ್ಷ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೇಳಿದವನೂ ಇವನೇ. ಬೆರಿ ಸೇಂಟ್ ಎಡ್ಮಂಡ್ಸ್ ಪಟ್ಟಣದ ಹತ್ತಿರ ಕಲ್ಫರ್ಡ್‌ನಲ್ಲಿದ್ದ ಅವನ ಬಂಗಲೆ ಈಗ ಶಾಲೆ, ಕೇಳದೆ ಒಳಗೆ ಹೋಗುವಂತಿಲ್ಲ. ಸಮಾಧಿ ಹುಡುಕಬೇಡಿ, ಅದು ಉತ್ತರ ಪ್ರದೇಶದ ಗಾಜಿಪುರದಲ್ಲಿದೆ.

ದಾಖಲೆಗಳನ್ನೇ ನೋಡಬೇಕೆನಿಸಿದರೆ ಇಪ್ಸ್‌ವಿಚ್‌ನಲ್ಲೇ ‘ದಿ ಹೋಲ್ಡ್’ ಇದೆ, 2020ರಲ್ಲಿ ತೆರೆದ ಪತ್ರಾಗಾರ. ಬೇಕಾದ ಕಡತವನ್ನು ಮೊದಲೇ ತಿಳಿಸಿ, ಪೆನ್ಸಿಲ್ ಒಯ್ಯಿರಿ, ಪೆನ್ನು ಬೇಡ. ಚರ್ಚಿನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪುಸ್ತಕಗಳು 1538ರಿಂದ ಶುರು, ಆದರೆ ಎಲ್ಲ ಊರಿನವೂ ಉಳಿದಿಲ್ಲ. ಹೊಸಬರು ಎಡವುವುದು ತಾರೀಖಿನಲ್ಲಿ: 1752ಕ್ಕೆ ಮುಂಚೆ ಇಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಪುಸ್ತಕದಲ್ಲಿ 1650ರ ಫೆಬ್ರವರಿ ಅಂತಿದ್ದರೆ ಈಗಿನ ಲೆಕ್ಕಕ್ಕೆ ಅದು 1651. ಬರೆದುಕೊಳ್ಳುವಾಗ ಎರಡೂ ವರ್ಷ ಹಾಕಿಡಿ.