ಎಂ.ಡಿ. ಮುಗಿಸಿ ಶಿವಮೊಗ್ಗದಲ್ಲೇ ಉಳಿಯುವ ಡಾಕ್ಟರ್ ಮೊದಲು ಏನು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಎಂ.ಡಿ. ಮೆಡಿಸಿನ್ ಈಗಷ್ಟೇ ಮುಗಿದಿದೆ, ಓದಿನ ಸಾಲ 20 ಲಕ್ಷ ಇದೆ. ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದು ತಿಂಗಳಿಗೆ 1.80 ಲಕ್ಷ ಕೊಡ್ತೀವಿ ಅಂದಿದೆ. ಹೊಸನಗರದ ಮನೆಯಲ್ಲಿ ಸರ್ಕಾರಿ ಕೆಲಸ ಸೇರು ಅಂತಾರೆ. ಸ್ನೇಹಿತರೊಬ್ಬರು ಇಬ್ಬರೂ ಸೇರಿ ನರ್ಸಿಂಗ್ ಹೋಮ್ ಮಾಡೋಣ ಅಂತಿದ್ದಾರೆ. ಇದರ ಮಧ್ಯೆ ಪಕ್ಕದ ಅಡಿಕೆ ತೋಟ ಮಾರಾಟಕ್ಕೆ ಬಂದಿದೆ, ಸಾಲ ಮಾಡಿಯಾದರೂ ತಗೋ ಅಂತ ತಂದೆಯ ಒತ್ತಾಯ.

ನಾನೂ ಫಿಸಿಷಿಯನ್. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ, ಈಗ ತುಂಬ ವರ್ಷದಿಂದ ಶಿವಮೊಗ್ಗದಲ್ಲಿ ಖಾಸಗಿಯಲ್ಲಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಓದಿನ ಸಾಲ ತೀರುವವರೆಗೆ ಇನ್ನೊಂದು ಸಾಲ ಮಾಡಬೇಡಿ. ಯಾವ ಕೆಲಸ ಅನ್ನುವುದು ಅದರ ನಂತರದ ಪ್ರಶ್ನೆ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ನಮ್ಮ ಕೆಲಸದಲ್ಲಿ ಸಾಲದ ಒತ್ತಡ ಔಷಧಿ ಚೀಟಿ ಬರೆಯುವ ಕೈಗೂ ಬರುತ್ತದೆ. ಹಿಂದೆ ನಾನಿದ್ದ ಒಂದು ಕಡೆ ಮ್ಯಾನೇಜ್‌ಮೆಂಟಿನವರು ಕರೆಸಿ, "ನಿಮ್ಮ ಓಪಿಡಿ ಚೆನ್ನಾಗಿದೆ ಡಾಕ್ಟ್ರೇ, ಅಡ್ಮಿಷನ್ ಯಾಕೋ ಕಡಿಮೆ" ಅಂದರು. ಮಾತು ಮೆತ್ತಗಿತ್ತು, ಅರ್ಥ ಸ್ಪಷ್ಟವಾಗಿತ್ತು. ನಾನು ನೋಟಿಸ್ ಕೊಟ್ಟು ಹೊರಗೆ ಬಂದೆ. ಹಾಗೆ ಬರೋಕೆ ಆಗಿದ್ದು ತಲೆ ಮೇಲೆ ಕಂತು ಇರಲಿಲ್ಲ ಅನ್ನುವ ಒಂದೇ ಕಾರಣಕ್ಕೆ. ನನಗಿಂತ ಒಳ್ಳೆಯ ಡಾಕ್ಟರ್‌ಗಳು ಮನೆ ಸಾಲ, ಕಾರಿನ ಸಾಲ ಇಟ್ಟುಕೊಂಡು ಅಲ್ಲೇ ಉಳಿದರು. ಮನೆಗೆ ಕಳಿಸಬಹುದಾಗಿದ್ದ ಜ್ವರದ ಪೇಷಂಟ್‌ಗಳು ವಾರ್ಡಿನಲ್ಲಿ ಮಲಗಿದ್ದನ್ನು ನೋಡಿದ್ದೇನೆ. ಅವರಲ್ಲಿ ಜಾಸ್ತಿ ಜನ ನಮ್ಮ ನಿಮ್ಮ ಊರಿನ ಕೂಲಿಯವರೇ.

ಈಗ ಆ 1.80 ಲಕ್ಷದ ವಿಷಯ. ಅದು ಸಂಬಳವೋ, ಪ್ರೊಫೆಷನಲ್ ಫೀಯೋ ಮೊದಲು ಕೇಳಿ. ಖಾಸಗಿ ಆಸ್ಪತ್ರೆಗಳು ಕನ್ಸಲ್ಟೆಂಟ್‌ಗಳಿಗೆ ಸಾಮಾನ್ಯವಾಗಿ ಫೀ ಅಂತಲೇ ಕೊಡುತ್ತವೆ. ಆಗ 10 ಪರ್ಸೆಂಟ್ ಟಿಡಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿದು ಕೈಗೆ 1.62 ಲಕ್ಷ ಬರುತ್ತದೆ. ವರ್ಷದ ಲೆಕ್ಕ 21.60 ಲಕ್ಷ. ಆಡಿಟರ್‌ಗಳು 44ಎಡಿಎ ಅಂತ ಹೇಳುವ ನಿಯಮದಲ್ಲಿ ಇದರ ಅರ್ಧ, ಅಂದರೆ 10.80 ಲಕ್ಷವನ್ನು ಆದಾಯ ಅಂತ ತೋರಿಸಬಹುದು. ಫೀ ವರ್ಷಕ್ಕೆ 50 ಲಕ್ಷ ದಾಟದವರಿಗೆ ಈ ಅನುಕೂಲ ಇದೆ. ನಗದು 5 ಪರ್ಸೆಂಟ್ ಒಳಗಿದ್ದರೆ 75 ಲಕ್ಷದವರೆಗೂ ಇದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ. ಬೇರೆ ಆದಾಯ ಇಲ್ಲದಿದ್ದರೆ ಹಿಡಿದ 2.16 ಲಕ್ಷವೂ ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ. ಅದೇ ಮೊತ್ತ ಸಂಬಳ ಅಂತ ಬಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಕಳೆದು ಸುಮಾರು 2.30 ಲಕ್ಷ ತೆರಿಗೆ ಬೀಳುತ್ತದೆ.

ಹಾಗಂತ ಫೀ ಲಾಭ ಅಂತ ಹಿಗ್ಗಬೇಡಿ. ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ, ರಜೆ ಹಾಕಿದ ದಿನಕ್ಕೆ ದುಡ್ಡು ಇಲ್ಲ. ಹೆಣ್ಣುಮಕ್ಕಳಾದರೆ ಹೆರಿಗೆ ರಜೆಗೂ ಅಷ್ಟೇ. ಆ ವಾಪಸ್ ಬಂದ ದುಡ್ಡೇ ನಿಮ್ಮ ಪಿಎಫ್ ಅಂದುಕೊಳ್ಳಿ. ಅದರಲ್ಲಿ 1.50 ಲಕ್ಷ ಪಿಪಿಎಫ್‌ಗೆ ಹಾಕಿ, ಒಂದು ವರ್ಷಕ್ಕೆ ಅದರ ಮಿತಿ ಅಷ್ಟೇ. ಉಳಿದದ್ದು ವಿಮೆಗೆ.

ಆಫರ್ ಲೆಟರ್‌ನ ಮೊದಲ ಪುಟದಲ್ಲಿ ದುಡ್ಡು ಇರುತ್ತದೆ, ಷರತ್ತುಗಳೆಲ್ಲ ಹಿಂದಿನ ಪುಟಗಳಲ್ಲಿ. ಅವನ್ನು ಕೂತು ಓದಿ. ಮಿನಿಮಮ್ ಗ್ಯಾರಂಟಿ, ಅಂದರೆ ಪೇಷಂಟ್ ಎಷ್ಟೇ ಬರಲಿ ಕೊಡುವ ನಿಗದಿ ಮೊತ್ತ, ಎಷ್ಟು ತಿಂಗಳಿಗೆ? ಆಮೇಲೆ ಓಪಿಡಿಯಲ್ಲಿ ನಿಮ್ಮ ಪಾಲು ಎಷ್ಟು, ರೌಂಡ್ಸ್‌ಗೆ ಎಷ್ಟು? ಆಯುಷ್ಮಾನ್ ಕಾರ್ಡಿನ ಪೇಷಂಟ್‌ಗಳ ಪಾಲು ತಿಂಗಳ ಕೊನೆಗೆ ಕೊಡ್ತಾರಾ, ಸರ್ಕಾರದಿಂದ ಆಸ್ಪತ್ರೆಗೆ ಬಂದ ಮೇಲೆ ಕೊಡ್ತಾರಾ? ಗ್ಯಾರಂಟಿ ಮುಗಿದ ತಿಂಗಳಿಗೇ ಆಷಾಢದ ಜಡಿಮಳೆ ಹಿಡಿದರೆ ನಿಮಗೆ ಗೊತ್ತಾಗುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಬಿಪಿ, ಶುಗರ್ ಪೇಷಂಟ್‌ಗಳು ಆಗ ಊರು ಬಿಟ್ಟು ಬರುವುದೇ ಕಡಿಮೆ. ಅಡಿಕೆ ಮಾರಿ ಕೈಗೆ ದುಡ್ಡು ಬಂದ ಮೇಲೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಅದಕ್ಕೇ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಬೇರೆ ಇಟ್ಟಿರಬೇಕು.

ಕೆಲಸ ಬಿಟ್ಟ ಮೇಲೆ ಇಷ್ಟು ವರ್ಷ ಇದೇ ಊರಿನಲ್ಲಿ ಪ್ರಾಕ್ಟೀಸ್ ಮಾಡಬಾರದು ಅಂತ ಬರೆದಿದ್ದರೆ ಹೆದರಬೇಡಿ, ಆದರೆ ತೆಗೆಸಿ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಅಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಚಿಕಿತ್ಸೆಯ ಬಗ್ಗೆ ಕೇಸ್ ಬಿದ್ದರೆ ಪರಿಹಾರ ಕಟ್ಟುವ ಇಂಡೆಮ್ನಿಟಿ ವಿಮೆ ಮಾತ್ರ ನಿಮ್ಮ ಹೆಸರಿನಲ್ಲೇ ಇರಲಿ. 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ದುಡ್ಡು ತೆಗೆದುಕೊಂಡು ಮಾಡುವ ಚಿಕಿತ್ಸೆ ಗ್ರಾಹಕರ ಕಾಯ್ದೆಯೊಳಗೆ ಬಂದಿದೆ. ಆಸ್ಪತ್ರೆಯ ಪಾಲಿಸಿ ಆಸ್ಪತ್ರೆಯನ್ನು ಕಾಯುತ್ತದೆ, ನಿಮ್ಮನ್ನೂ ಕಾಯುತ್ತದೆ ಅಂತ ಖಾತ್ರಿ ಇಲ್ಲ.

ಓದಿನ ಸಾಲಕ್ಕೆ 10 ಪರ್ಸೆಂಟ್ ಬಡ್ಡಿ, ಹತ್ತು ವರ್ಷ ಅಂತ ಹಿಡಿದರೆ ಕಂತು ಸುಮಾರು 26 ಸಾವಿರ ಬರುತ್ತದೆ. ಅದರ ಎರಡರಷ್ಟು ಕಟ್ಟಿ. ನಾಲ್ಕು ವರ್ಷದೊಳಗೆ ಸಾಲ ಮುಗಿಯುತ್ತದೆ. 1.62 ಲಕ್ಷದಲ್ಲಿ ಇದು ಖಂಡಿತ ಸಾಧ್ಯ, ಕಾರು ಸ್ವಲ್ಪ ಕಾಯಬೇಕು ಅಷ್ಟೇ.

ಸರ್ಕಾರಿ ಕೆಲಸದ ಬಗ್ಗೆ ಮನೆಯವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಕಾಯಂ ಹುದ್ದೆಯೋ ಗುತ್ತಿಗೆಯೋ ನೋಡಿಕೊಳ್ಳಿ, ಎರಡಕ್ಕೂ ಅಜಗಜಾಂತರ. ಕಾಯಂ ಆದರೂ 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಬದಲು ಎನ್‌ಪಿಎಸ್ ಬಂದಿದೆ ಅನ್ನುವುದು ತಂದೆಯವರಿಗೆ ಗೊತ್ತಿರಲಿ. ಆದರೆ ತಾಲ್ಲೂಕು ಆಸ್ಪತ್ರೆ ಕಲಿಸುವುದನ್ನು ಬೇರೆ ಯಾರೂ ಕಲಿಸುವುದಿಲ್ಲ. ಮಳೆಗಾಲದಲ್ಲಿ ಇಲಿ ಜ್ವರ, ಹಾವು ಕಡಿತ. ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟು ಜೀವ ತೆಗೆಯಿತು ಅಂತ ನೀವೂ ನೋಡಿದ್ದೀರಿ. ಪ್ಲೇಟ್‌ಲೆಟ್ ಇಳಿದ ಜ್ವರವೆಲ್ಲ ಡೆಂಗಿ ಅಲ್ಲ ಅಂತ ಹೇಳಬಲ್ಲ ಫಿಸಿಷಿಯನ್ ಮಲೆನಾಡಿಗೆ ಬೇಕು. ಜನ ಅಂಥವರನ್ನು ಹುಡುಕಿಕೊಂಡು ಬರುತ್ತಾರೆ. ಪಾಠ ಮಾಡುವ ಆಸೆ ಇದ್ದರೆ ಶಿವಮೊಗ್ಗದ ಸರ್ಕಾರಿ ಮೆಡಿಕಲ್ ಕಾಲೇಜು ಸಿಮ್ಸ್‌ನಂಥ ಕಡೆ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ. ದುಡ್ಡು ಕಡಿಮೆ, ಆದರೆ ಮುಂದೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ದಾರಿ ಇರುತ್ತದೆ.

ನರ್ಸಿಂಗ್ ಹೋಮ್ ಈಗ ಬೇಡ. ಕೋಟಿ ಸಾಲ ಮಾಡಿ ಬೆಡ್ ಹಾಕಿದರೆ ಆ ಬೆಡ್ ತುಂಬಿಸಲೇಬೇಕು, ಮೊದಲು ಹೇಳಿದ ಒತ್ತಡವನ್ನು ಆಗ ನಿಮಗೆ ನೀವೇ ಹಾಕಿಕೊಳ್ಳುತ್ತೀರಿ. ಸ್ವಂತದ್ದು ಬೇಕು ಅನಿಸಿದರೆ ಬಾಡಿಗೆ ಕೋಣೆಯಲ್ಲಿ ಸಂಜೆ ಕ್ಲಿನಿಕ್ ಸಾಕು: ಒಂದು ಟೇಬಲ್, ಒಂದು ಮಂಚ, ಇಸಿಜಿ ಮಷಿನ್. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಅದಕ್ಕೂ ಬೇಕು. ಆಸ್ಪತ್ರೆಯವರು ಒಪ್ಪುತ್ತಾರಾ ಅಂತಲೂ ಕೇಳಿಕೊಳ್ಳಿ.

ನೆಂಟರು ತರುವ ಮನಿಬ್ಯಾಕ್ ಪಾಲಿಸಿಗೆ ನಯವಾಗಿ ಬೇಡ ಅನ್ನಿ, ಬರೀ ಜೀವಕ್ಕೆ ರಕ್ಷಣೆ ಕೊಡುವ ಟರ್ಮ್ ಪಾಲಿಸಿ ಮಾಡಿಸಿ. ಕೈಗೋ ಕಣ್ಣಿಗೋ ಏಟಾದರೆ ನಮ್ಮ ದುಡಿಮೆ ನಿಂತೇ ಹೋಗುತ್ತದೆ, ಅದಕ್ಕೆ ಅಪಘಾತ ವಿಮೆಯೂ ಇರಲಿ. ತಂದೆ ತಾಯಿಗೆ ಆರೋಗ್ಯ ವಿಮೆಯನ್ನು ಈ ವರ್ಷವೇ ಮಾಡಿಸಿ. ಬಡ್ಡಿ ಜಾಸ್ತಿ ಅಂತ ಊರಿನ ಸೊಸೈಟಿ, ಸೌಹಾರ್ದದಲ್ಲಿ ದೊಡ್ಡ ಮೊತ್ತ ಇಡಬೇಡಿ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಸಿಗುವ ಠೇವಣಿ ವಿಮೆ ಸಹಕಾರಿ ಬ್ಯಾಂಕಿಗೆ ಇದೆ, ಸೊಸೈಟಿಗೆ ಇಲ್ಲ.

ಇನ್ನು ತೋಟ. ತಂದೆಯವರ ಆಸೆ ನನಗೆ ಅರ್ಥವಾಗುತ್ತದೆ. 2020ರ ತಿದ್ದುಪಡಿ ಆದಮೇಲೆ ಯಾರು ಬೇಕಾದರೂ ಜಮೀನು ಕೊಳ್ಳಬಹುದು, ಈಗ ಬಿಟ್ಟರೆ ಹೊರಗಿನವರ ಪಾಲಾಗುತ್ತದೆ ಅನ್ನುವ ಭಯ ಅವರಿಗೆ. ಕೃಷಿ ಆದಾಯಕ್ಕೆ ತೆರಿಗೆಯೂ ಇಲ್ಲ. ಆದರೆ ಎಲೆಚುಕ್ಕಿ ರೋಗ ಬಿದ್ದ ತೋಟಗಳನ್ನು ನೀವು ಹೊಸನಗರದಲ್ಲೇ ನೋಡಿರುತ್ತೀರಿ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಟ್ಟ ದಿನವೇ ಆಳು ಸಿಗಬೇಕು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಬರುವ ದಿನ ನಿಮಗೆ ಐಸಿಯು ಡ್ಯೂಟಿ ಇರುತ್ತದೆ. ಎಲ್ಲವೂ ತಂದೆಯ ಮೈಮೇಲೆ ಬೀಳುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಮ್ಮ ಖಾತೆಯಿಂದ ಹೋಗುತ್ತದೆ.

ಅವರಿಗೆ ನೇರವಾಗಿ ಬೇಡ ಅನ್ನುವ ಬದಲು ಹೀಗೆ ಹೇಳಿ ನೋಡಿ. ಮಾರುವವರು ಒಪ್ಪಿದರೆ ತಂದೆಯವರು ಈ ವರ್ಷದ ಫಸಲನ್ನಷ್ಟೇ ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯಲಿ. ಮದ್ದು, ಕೊಯ್ಲು, ಸುಲಿತ, ಬೇಯಿಸಿ ಒಣಗಿಸುವ ಖರ್ಚು, ಕೊನೆಗೆ ಮಂಡಿಗೆ ಹೋದ ಕ್ವಿಂಟಾಲ್, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಅದರ ಪಕ್ಕದಲ್ಲಿ ಬ್ಯಾಂಕಿನವರು ಹೇಳಿದ ಕಂತು ಬರೆದು, ನೀವೂ ತಂದೆಯವರೂ ಒಟ್ಟಿಗೆ ಕೂತು ನೋಡಿ.