ಆಡಂ ಮಾಸ್ತರಿಗೆ ನಮ್ಮ ಅವ್ವ ಯಾಕೆ ಓಟು ಹಾಕಿದಳು

ಸೊಲ್ಲಾಪುರದ ಕನ್ನಡಿಗರು ಆಡಂ ಮಾಸ್ತರ್ ಅನ್ನುವ ಒಬ್ಬ ತೆಲುಗಿನವರಿಗೆ, ಅದೂ ಕೆಂಬಾವುಟದ ಪಕ್ಷದವರಿಗೆ ಹೋಗಿ ಓಟು ಹಾಕ್ತೀರಲ್ಲ, ನಿಮ್ಮವರು ಅಂತ ಯಾರೂ ಸಿಗಲಿಲ್ವಾ ಅಂತ ಕೇಳಿದ್ದೀಯ. ಬೆಂಗಳೂರಿನಲ್ಲಿ ಕೂತವರಿಗೆ ಹಾಗೆ ಅನಿಸಬಹುದು. ನಮ್ಮ ಓಣಿಯಲ್ಲಿ ಯಾರಿಗೂ ಈ ಪ್ರಶ್ನೆ ಹೊಳೆದೇ ಇಲ್ಲ. ಕೇಳಿದ್ದೀಯ ಅಂದ ಮೇಲೆ ಪೂರ್ತಿ ಕೇಳಿಸಿಕೋ.

ಮೊದಲು ಒಂದು ಮಾತು. ನಾವು ಇಲ್ಲಿಗೆ ಎಲ್ಲಿಂದಲೋ ಬಂದವರಲ್ಲ. ಸಿದ್ಧರಾಮ ಕೆರೆ ಕಟ್ಟಿಸಿ, ಕನ್ನಡದಲ್ಲಿ ವಚನ ಹೇಳಿದ ಸೊನ್ನಲಿಗೆ ಇದೇ ಊರು. ಸಂಕ್ರಾಂತಿ ಜಾತ್ರೆಗೆ ಬಾ, ಉದ್ದನೆ ನಂದಿಕೋಲು ಹೊತ್ತುಕೊಂಡು ಹೊರಡುವ ಜನರ ನಡುವೆ ನಿಂತು ನೋಡು, ಎಷ್ಟು ಮನೆಮಾತು ಕಿವಿಗೆ ಬೀಳುತ್ತವೆ ಅಂತ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಾವು ಈ ಕಡೆ ಉಳಿದೆವು. 1967ರಲ್ಲಿ ಗಡಿ ಜಗಳ ಬಗೆಹರಿಸಲು ಕೂತ ಮಹಾಜನ ಆಯೋಗ ಅಕ್ಕಲಕೋಟ, ಜತ್ತ ಸೀಮೆಯೂ ಸೇರಿ 247 ಹಳ್ಳಿಗಳು ನಿಮ್ಮ ಕಡೆ ಬರಲಿ ಅಂತ ಬರೆಯಿತು. ಬರೆದಿದ್ದು ಬರೆದಲ್ಲೇ ಇದೆ. ಅದು ನಿನಗೆ ಗೊತ್ತಿರುವ ಕತೆ, ಬಿಡು.

ನಿನಗೆ ಗೊತ್ತಿಲ್ಲದ್ದು ಈ ಊರಿನ ದುಡಿಮೆ. 1877ರಲ್ಲಿ ಇಲ್ಲಿ ಬಟ್ಟೆ ಗಿರಣಿ ಶುರುವಾಯಿತು, ನಾವು ಇವತ್ತಿಗೂ ಜೂನಿ ಮಿಲ್ ಅಂತೀವಿ. ಆಮೇಲೆ ಇನ್ನಷ್ಟು ಗಿರಣಿಗಳು ಬಂದವು. ತೆಲಂಗಾಣದ ಕಡೆಯಿಂದ ತೆಲುಗು ನೇಕಾರರಾದ ಪದ್ಮಶಾಲಿಗಳು ಮಗ್ಗದ ಕೆಲಸಕ್ಕೆ ಬಂದರು, ಸುತ್ತಲ ಹಳ್ಳಿಗಳಿಂದ ಮರಾಠಿಯವರು, ನಮ್ಮವರು, ಮುಸಲ್ಮಾನರು ಬಂದರು. ಗಿರಣಿಗಳು ಒಂದೊಂದೇ ಬಾಗಿಲು ಹಾಕಿದ ಮೇಲೆ ಗಂಡಸರು ಪವರ್‌ಲೂಮಿನಲ್ಲಿ ಚಾದರ, ಟಾವೆಲ್ ನೇಯಲು ಹೋದರು. ಹೆಂಗಸರು ಮೊದಲಿನಿಂದಲೂ ಬೀಡಿ ಕಟ್ಟುತ್ತಿದ್ದರು, ಈಗ ಅವರ ದುಡ್ಡಿನ ಮೇಲೇ ಮನೆ ನಿಂತಿತು. ನಮ್ಮ ಮನೆಯೂ ಹಾಗೇ ನಿಂತಿದ್ದು.

ಅವ್ವ ರಾತ್ರಿ ಎಲೆ ನೆನೆಹಾಕಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದಳು. ಬೆಳಿಗ್ಗೆ ತಗಡಿನ ಅಳತೆ ಎಲೆಯ ಮೇಲಿಟ್ಟು ಕತ್ತರಿಯಲ್ಲಿ ಸುತ್ತ ಕತ್ತರಿಸುವುದು, ಮಧ್ಯಾಹ್ನದಿಂದ ತೊಡೆಯ ಮೇಲೆ ಮೊರ ಇಟ್ಟುಕೊಂಡು ಕಟ್ಟುವುದು. ಚಿಟಿಕೆ ತಂಬಾಕು, ಒಂದು ಸುತ್ತು, ತುದಿ ಒಳಕ್ಕೆ ಒತ್ತಿ ದಾರ ಕಟ್ಟಿದರೆ ಒಂದು ಬೀಡಿ. ಕೂಲಿ ಲೆಕ್ಕ ಸಾವಿರಕ್ಕೆ. ಕಾರ್ಖಾನೆಯಲ್ಲಿ ಸರಿಯಿಲ್ಲ ಅಂತ ಒಂದಷ್ಟು ತೆಗೆದು ಪಕ್ಕಕ್ಕೆ ಹಾಕಿದರೆ ಅದರ ಕೂಲಿ ಇಲ್ಲ, ಕೊಟ್ಟ ಎಲೆ ಸಾಲದಿದ್ದರೆ ಕೈಯಿಂದ ಕೊಂಡು ತುಂಬಿಸಬೇಕು. ಇದನ್ನೆಲ್ಲ ಜಗಳ ಮಾಡಿ ಕೇಳುವವರು ಯಾರು? ಲಾಲ್ ಬಾವಟಾದವರು, ಅಂದರೆ ಕೆಂಬಾವುಟದ ಯೂನಿಯನ್ನಿನವರು. ಅವರ ಮುಂದಾಳು ನರಸಯ್ಯ ಆಡಂ. ಊರೆಲ್ಲ ಕರೆಯುವುದು ಆಡಂ ಮಾಸ್ತರ್ ಅಂತಲೇ.

ಮಾಸ್ತರು ದುಡಿಯುವವರ ಮನೆಯಲ್ಲೇ ಬೆಳೆದವರು. ಬೀಡಿ ಗೊತ್ತು, ಮಗ್ಗ ಗೊತ್ತು. 1978ರಲ್ಲಿ ಸಿಪಿಎಂನಿಂದ ಶಾಸಕರಾದರು. ಮತ್ತೆ ಗೆದ್ದಿದ್ದು 1995ರಲ್ಲಿ, ಆಮೇಲೆ 2004ರಲ್ಲಿ. ಮೊದಲ ಎರಡು ಗೆಲುವಿನ ನಡುವೆ 17 ವರ್ಷ! ಇಷ್ಟು ವರ್ಷ ಅಧಿಕಾರ ಇಲ್ಲದೆ ಒಬ್ಬ ರಾಜಕಾರಣಿ ಅದೇ ಪಕ್ಷದಲ್ಲಿ, ಅದೇ ಓಣಿಯಲ್ಲಿ, ಅದೇ ಮೋರ್ಚಾದಲ್ಲಿ ಉಳಿಯುವುದನ್ನು ನಿಮ್ಮ ಕಡೆ ಎಷ್ಟು ನೋಡಿದ್ದೀಯ ಹೇಳು. ಸೋತರೂ ಅವರ ಯೂನಿಯನ್ ಆಫೀಸಿನ ಬಾಗಿಲು ತೆರೆದೇ ಇರುತ್ತಿತ್ತು. ಅವ್ವನಿಗೆ ಬೇಕಾಗಿದ್ದೂ ಅದೇ.

ಯಾಕೆ ಬೇಕಾಗಿತ್ತು ಅಂದರೆ ಕಾಗದಪತ್ರಕ್ಕೆ. ನಾವು ದಿನಾ ಒದ್ದಾಡುವುದು ಇದರಲ್ಲೇ. ಗಡಿ ಅಂದರೆ ನೀನು ಬಸ್ಸಿಗೆ ಕಲ್ಲು ಬಿದ್ದ ಸುದ್ದಿ ನೆನೆಸಿಕೊಳ್ತೀಯ. ನಮ್ಮ ಗಡಿ ಇರುವುದು ಅರ್ಜಿಯ ಹೆಸರಿನ ಕಾಲಂನಲ್ಲಿ. ಅವ್ವನ ಹೆಸರು ನೀಲವ್ವ ಅಂತಿಟ್ಟುಕೋ. ಕಾರ್ಖಾನೆಯ ಗುಮಾಸ್ತ ತನ್ನ ಬಾಯಿಗೆ ಬಂದಂತೆ ಒಂದು ರೀತಿ ಬರೆದುಕೊಂಡ. ರೇಷನ್ ಕಾರ್ಡಿನಲ್ಲಿ ಅವಳು ನೀಲಾಬಾಯಿ. ಆಧಾರ್‌ನಲ್ಲಿ ಬರೀ ನೀಲಾ. ಇಲ್ಲಿನ ಅರ್ಜಿಗಳಲ್ಲಿ ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು ಅಂತ ಮೂರು ಬೇಕು. ಅವಳು ಬೀಡಿಗೆ ಸೇರಿದ್ದು ಮದುವೆಗೆ ಮೊದಲು, ಹಾಗಾಗಿ ಹಳೇ ದಾಖಲೆಯಲ್ಲಿ ನಡುವೆ ಕೂತಿರುವುದು ಅಪ್ಪನ ಹೆಸರು. ನಮ್ಮ ಅಡ್ಡಹೆಸರನ್ನಂತೂ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಹುಟ್ಟಿದ ವರ್ಷವೂ ಎರಡು ಕಡೆ ಬೇರೆ ಬೇರೆ. ಜೀವಮಾನ ಪೂರ್ತಿ ಕೂಲಿಯಿಂದ ಪಿಎಫ್ ಹಿಡಿದುಕೊಂಡಿದ್ದಾರೆ, ಅದನ್ನು ವಾಪಸ್ ಕೇಳಲು ಹೋದರೆ ನೀನು ಆ ಹೆಂಗಸೇ ಅಂತ ಸಾಬೀತು ಮಾಡು ಅಂತಾರೆ.

ಸರಿ, ಬೆರಳು ಒತ್ತಿ ತೋರಿಸೋಣ ಅಂದರೆ ಅದೂ ಆಗುವುದಿಲ್ಲ. ವರ್ಷಾನುಗಟ್ಟಲೆ ಎಲೆ ಸುತ್ತಿ ಸುತ್ತಿ ಹೆಬ್ಬೆರಳಿನ ಗೆರೆಗಳೇ ಸವೆದಿವೆ. ಯಂತ್ರದ ಮೇಲೆ ಇಟ್ಟರೆ ಕೆಂಪು ದೀಪ. ಒರೆಸಿ ಇಡು ಅಜ್ಜಿ, ಜೋರಾಗಿ ಒತ್ತು ಅಜ್ಜಿ ಅಂತಾನೆ ಕೌಂಟರಿನ ಹುಡುಗ. ಯಾವ ಕೆಲಸದಿಂದ ಆ ಹಣ ಬಂತೋ ಅದೇ ಕೆಲಸ ಅವಳ ಗುರುತನ್ನು ಅಳಿಸಿದೆ, ಇದನ್ನು ಯಾರ ಮುಂದೆ ಹೇಳೋಣ? ಯೂನಿಯನ್ ಆಫೀಸಿನಲ್ಲಿ ಹೇಳಬಹುದು. ಅಲ್ಲಿ ಅವಳು ಕನ್ನಡ ಮರಾಠಿ ಕಲಸಿ ಮಾತಾಡಿದರೂ ಯಾರೂ ಹುಬ್ಬೇರಿಸುವುದಿಲ್ಲ. ತಿದ್ದುಪಡಿ ಅರ್ಜಿ ತುಂಬಿ, ಅಫಿಡವಿಟ್ ಮಾಡಿಸಿ, ಕಾರ್ಖಾನೆಯವರ ಸಹಿಗೆ ಬೆನ್ನು ಹತ್ತುತ್ತಾರೆ. ನೀವು ಯಾವ ಭಾಷೆಯವರು ಅಂತ ನಮ್ಮನ್ನು ಕೇಳದೇ ಇದ್ದ ಜಾಗ ಅದೊಂದೇ. ನಿಮ್ಮವರು ಅಂದರೆ ಯಾರು ಅಂತ ನೀನೇ ಯೋಚಿಸು.

ಇನ್ನು ಮನೆ. ಊರಿಂದ ಅಕ್ಕಲಕೋಟ ರಸ್ತೆಯಲ್ಲಿ ಕುಂಭಾರಿ ಅಂತ ಹಳ್ಳಿ, ಕನ್ನಡ ಮಾತಾಡುವ ಸೀಮೆ. ಅಲ್ಲಿ ಬೀಡಿ ಹೆಂಗಸರಿಗೆ 10,000 ಮನೆ ಕಟ್ಟಿಸಬೇಕು ಅಂತ ಮಾಸ್ತರು ಹೊರಟಾಗ ಎಷ್ಟೋ ಜನ ನಂಬಲಿಲ್ಲ. ಕೇಂದ್ರ ಸರ್ಕಾರದ್ದು ಒಂದು ಪಾಲು, ರಾಜ್ಯದ್ದು ಒಂದು ಪಾಲು, ಹೆಂಗಸರದ್ದು ಒಂದು ಪಾಲು ಹಾಕಿ ಕಟ್ಟಿದರು. ಕಮ್ಯುನಿಸ್ಟ್ ನಾಯಕಿ ಗೋದೂತಾಯಿ ಪರುಳೇಕರ್ ಹೆಸರಿಟ್ಟರು. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬಂದು ಮನೆ ಒಪ್ಪಿಸಿದರು. ಹತ್ತಡಿ ಬಾಡಿಗೆ ಕೋಣೆಯಲ್ಲಿ ಬೀಡಿ ಬುಟ್ಟಿ, ಒಲೆ, ಮಕ್ಕಳು ಎಲ್ಲ ಒಟ್ಟಿಗೇ ಇದ್ದ ಹೆಂಗಸರ ಹೆಸರಿಗೆ ಮನೆ ಆಯಿತು. ಹೆಂಗಸಿನ ಹೆಸರಿಗೆ!

ಅಷ್ಟಕ್ಕೇ ನಿಲ್ಲಲಿಲ್ಲ. ಅಲ್ಲೇ ಕುಂಭಾರಿಯಲ್ಲಿ ರೇ ನಗರ ಅಂತ ಇನ್ನೂ 30,000 ಮನೆಗಳ ಯೋಜನೆ ತಂದರು. ಬೀಡಿಯವರು, ಮಗ್ಗದವರು, ಚಿಂದಿ ಆಯುವವರು, ಎಲ್ಲರಿಗೂ. 2019ರ ಜನವರಿಯಲ್ಲಿ ಪ್ರಧಾನಿ ಮೋದಿ ಅಡಿಗಲ್ಲು ಹಾಕಿದರು. ವೇದಿಕೆಯ ಮೇಲೆ ಮಾಸ್ತರು ಮೋದಿಯನ್ನು ಹೊಗಳಿದರು ಅಂತ ಅವರ ಪಕ್ಷವೇ ಅವರನ್ನು ಮೂರು ತಿಂಗಳು ಕೇಂದ್ರ ಸಮಿತಿಯಿಂದ ಅಮಾನತು ಮಾಡಿತು. ಈ ವಿಷಯದಲ್ಲಿ ನಾನು ಪೂರ್ತಿ ಮಾಸ್ತರ ಕಡೆ. ಸೂರಿಲ್ಲದವರಿಗೆ ಸೂರು ತರಲು ಹೊರಟ ಮನುಷ್ಯ ದಿಲ್ಲಿಯಲ್ಲಿ ಯಾರಿದ್ದಾರೋ ಅವರ ಬಾಗಿಲನ್ನೇ ತಟ್ಟಬೇಕು. ಮನಮೋಹನ್ ಸಿಂಗ್ ಇದ್ದಾಗಲೂ ತಟ್ಟಿದರು, ಮೋದಿ ಇದ್ದಾಗಲೂ ತಟ್ಟಿದರು. 2024ರ ಜನವರಿಯಲ್ಲಿ ಮೊದಲ 15,000 ಮನೆಗಳನ್ನು ಒಪ್ಪಿಸಲು ಮೋದಿ ಮತ್ತೆ ಬಂದಾಗ, ಚಿಕ್ಕವನಿದ್ದಾಗ ನನಗೂ ಇಂಥ ಮನೆ ಸಿಕ್ಕಿದ್ದರೆ ಅಂತ ಗಂಟಲು ಕಟ್ಟಿದ್ದು ನೀನೂ ಟಿವಿಯಲ್ಲಿ ನೋಡಿರುತ್ತೀಯ. ಆ ಮನೆಗಳ ಹಿಂದೆ ಯಾರ ಓಡಾಟ ಇತ್ತು ಅಂತ ನಿಮ್ಮ ಟಿವಿಯವರು ಹೇಳಿದರೋ ಇಲ್ಲವೋ.

ಇಷ್ಟಾದರೂ 2009ರಿಂದ ಈಚೆಗೆ ಮಾಸ್ತರು ವಿಧಾನಸಭೆಗೆ ಗೆದ್ದಿಲ್ಲ. ಆ ವರ್ಷ ಕ್ಷೇತ್ರಗಳ ಗೆರೆ ಬದಲಾಗಿ ಸೊಲ್ಲಾಪುರ ನಗರ ಮಧ್ಯ ಅಂತ ಆಯಿತು. ಅಲ್ಲಿ ಕಾಂಗ್ರೆಸ್ಸಿನ ಪ್ರಣಿತಿ ಶಿಂದೆ ಗೆದ್ದರು, ಮುಂದೆ 2014, 2019ರಲ್ಲೂ ಅವರೇ. ಜಾತಿ, ಧರ್ಮದ ಲೆಕ್ಕ ಇದ್ದೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಕುಂಭಾರಿ ಆ ಕ್ಷೇತ್ರದೊಳಗೆ ಬರುವುದೇ ಇಲ್ಲ. ಮನೆ ಸಿಕ್ಕಿ ಅಲ್ಲಿಗೆ ಹೋದವರ ಓಟೂ ಅವರ ಜೊತೆ ಅಲ್ಲಿಗೇ ಹೋಯಿತು. ಓಟಿನ ಲೆಕ್ಕ ಹಾಕುವ ರಾಜಕಾರಣಿ ತನ್ನ ಜನರನ್ನು ತನ್ನ ಕ್ಷೇತ್ರದಿಂದ ಆಚೆ ಕಳಿಸುತ್ತಾನಾ?

ಕುಂಭಾರಿಯ ಮಾತು ಬಂತು ಅಂತ ಹೇಳ್ತೀನಿ, ಅದು ಇರುವುದು ದಕ್ಷಿಣ ಸೊಲ್ಲಾಪುರ ತಾಲ್ಲೂಕಿನಲ್ಲಿ. ಕಾಲೇಜು ಸೀಟಿಗೆ ನಡೆಸುವ ನಿಮ್ಮ ಸಿಇಟಿಯ ಗಡಿನಾಡು ಕನ್ನಡಿಗರ ಪಟ್ಟಿಯಲ್ಲಿ ಇಲ್ಲಿಯ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳಿವೆ. ಊರು ಇರುವುದು ಉತ್ತರ ಸೊಲ್ಲಾಪುರದಲ್ಲಿ, ಅದು ಪಟ್ಟಿಯಲ್ಲಿಲ್ಲ. ಅಂದರೆ ನಮ್ಮ ಓಣಿಯಲ್ಲೇ ಉಳಿದ ಹುಡುಗಿ ನಿಮ್ಮ ಲೆಕ್ಕಕ್ಕೆ ಗಡಿನಾಡಿನವಳಲ್ಲ. ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಳಗೆ ಜಗಳ ಆಡುವುದೂ ಕನ್ನಡದಲ್ಲೇ ಮಾರಾಯ, ಅದನ್ನು ಯಾವ ತಹಶೀಲ್ದಾರರ ಹತ್ತಿರ ಬರೆಸಿಕೊಂಡು ಬರೋಣ?

ಹಾಗಾಗಿ ನಮಗೆ ಯಾರ ಮೇಲೆ ನಂಬಿಕೆ ಅಂತ ಕೇಳುವಾಗ ಸ್ವಲ್ಪ ಮೆತ್ತಗೆ ಕೇಳು. ನವೆಂಬರಿನಲ್ಲಿ ಗಡಿ ಕನ್ನಡಿಗರು ಅಂತ ಶಾಲು ಹೊದಿಸುವವರು ಬೇಕಾದಷ್ಟು ಜನ ಇದ್ದಾರೆ. ಅವ್ವನ ಪಿಎಫ್ ಪಾಸ್‌ಬುಕ್ ತೆಗೆದು ನೋಡಿದವರು ಅವರಲ್ಲಿ ಯಾರೂ ಇಲ್ಲ.

ಅವಳ ಅರ್ಜಿ ಈಗಲೂ ಬಾಕಿ ಇದೆ. ಹೆಸರು ಒಂದು ಹಂತಕ್ಕೆ ಬಂತು, ಹುಟ್ಟಿದ ವರ್ಷ ಕೂತಿಲ್ಲ. ಅದು ಕೂತರೆ ಪಿಂಚಣಿಯ ಅರ್ಜಿ ಹಾಕಬಹುದು. 2014ರಿಂದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ, ಅದನ್ನು ಹೆಚ್ಚಿಸಿ ಅಂತ ಮೋರ್ಚಾ ನಡೆಯುತ್ತಲೇ ಇವೆ. ನಿಮ್ಮ ಕಾಕಾ ಪಿಎಫ್ ಕೇಸು ನೋಡುತ್ತಿದ್ದರು ಅಂದಿದ್ದೆಯಲ್ಲ? ಶಾಲೆಗೇ ಹೋಗದವರ ಹುಟ್ಟಿದ ವರ್ಷಕ್ಕೆ ಯಾವ ಕಾಗದ ನಡೆಯುತ್ತದೆ ಅಂತ ಅವರನ್ನು ಕೇಳಿ ತಿಳಿಸು.